ಹಾವಿನ ವಿಷಕ್ಕೆ ಕುದುರೆಯ ರಕ್ತ



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಕಡಲೆಕಾಯಿ ಬೆಳೆಯುವ ಮನೆಗಳಿಗೆ ಹಾವು ಹೊಸದಲ್ಲ. ಕಾಯಿಗೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ. ಗಿಡ ಕೀಳುವಾಗ, ಬಣವೆಗೆ ಕೈ ಹಾಕುವಾಗ, ಕತ್ತಲಲ್ಲಿ ಪಂಪ್‌ಸೆಟ್ ಹಾಕಲು ಹೋದಾಗ ಕಚ್ಚುತ್ತದೆ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಸಂಶೋಧಕರ ಅಂದಾಜು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು.

ಇದಕ್ಕೆ ಮದ್ದೇನು ಎಂದರೆ 'ಇಂಜೆಕ್ಷನ್' ಎನ್ನುತ್ತೇವೆ. ಆ ಸೀಸೆಯಲ್ಲಿ ಏನಿದೆಯೆಂದು ಎಷ್ಟು ಮಂದಿಗೆ ಗೊತ್ತು? ಕುದುರೆಗೆ ಪ್ರಾಣಾಪಾಯವಾಗದಷ್ಟು ವಿಷವನ್ನು ಚುಚ್ಚಿ, ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತಾ ಹೋಗುತ್ತಾರೆ. ಅದರ ರೋಗನಿರೋಧಕ ಶಕ್ತಿ ವಿಷವನ್ನು ಗುರುತಿಸಿ, ಬೀಗಕ್ಕೆ ತಕ್ಕ ಕೀಲಿಯಂತೆ ಪ್ರತಿಕಾಯಗಳನ್ನು ತಯಾರಿಸುತ್ತದೆ. ಆ ಕುದುರೆಯ ರಕ್ತದಿಂದ ಪ್ರತಿಕಾಯಗಳನ್ನು ಬೇರ್ಪಡಿಸಿ ನಮಗೆ ಕೊಡುತ್ತಾರೆ. ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ 1890ರ ದಶಕದಲ್ಲಿ ತೋರಿಸಿದ ದಾರಿ ಇದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ ಸೀಸೆ.

ಪ್ರತಿಕಾಯವು ಮೈಯಲ್ಲಿ ಓಡಾಡುತ್ತಿರುವ ವಿಷವನ್ನು ಹಿಡಿದು ಕಟ್ಟಿಹಾಕಬಲ್ಲದೇ ಹೊರತು, ವಿಷ ಆಗಲೇ ಕೆಡಿಸಿರುವ ಮೂತ್ರಪಿಂಡವನ್ನೋ ಕೊಳೆತ ಮಾಂಸವನ್ನೋ ಸರಿಮಾಡಲಾರದು. ತಡವಾದರೆ ಕೆಡುಕು ಎನ್ನುವುದು ಇದಕ್ಕೇ. ಮಕ್ಕಳಿಗೆ ದೊಡ್ಡವರಷ್ಟೇ ಮದ್ದು ಕೊಟ್ಟರೆ ತಾಯಂದಿರು ಗಾಬರಿಯಾಗುತ್ತಾರೆ. ಹಾವು ಮಗುವೆಂದು ವಿಷ ಕಡಿಮೆ ಬಿಡುವುದಿಲ್ಲವಷ್ಟೆ.

ಹಾಗಾದರೆ ಮಂತ್ರ ಹಾಕಿಸಿ ಬದುಕಿದವರಿಲ್ಲವೇ? ಇದ್ದಾರೆ. ಕಚ್ಚುವ ಹಾವುಗಳಲ್ಲಿ ವಿಷವಿಲ್ಲದವೇ ಬಹಳ. ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಕಚ್ಚುತ್ತದೆ. ಮಂತ್ರ ಹಾಕಿಸದಿದ್ದರೂ ಅವರು ಬದುಕುತ್ತಿದ್ದರು. 'ಇದಾದ ಮೇಲೆ ಅದಾಯಿತು, ಆದ್ದರಿಂದ ಇದರಿಂದಲೇ ಅದಾಯಿತು' ಎನ್ನುವುದು ತಪ್ಪು ವಾದವೆಂದು ಗುರುಮಠದ ತರ್ಕಶಾಸ್ತ್ರದ ಮೊದಲ ಪಾಠಗಳಲ್ಲೇ ನಮಗೆ ಕಲಿಸುತ್ತಿದ್ದರು. ಸಂತ ಪೌಲರಿಗೆ ಮಾಲ್ಟಾ ದ್ವೀಪದಲ್ಲಿ ಹಾವಿನಿಂದ ಏನೂ ಆಗಲಿಲ್ಲವಲ್ಲ ಫಾದರ್, ಎನ್ನುವವರೂ ಉಂಟು. ತಿಮೊಥೇಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದವರೂ ಅದೇ ಪೌಲರು! ಜಪಮಾಲೆಯನ್ನು ಆಂಬ್ಯುಲೆನ್ಸಿನಲ್ಲಿ ಕುಳಿತೇ ಹೇಳಬಹುದು.

ಈ ಮದ್ದಿಗೂ ಕೊರತೆಗಳಿವೆ. ಕುದುರೆಯ ಪ್ರೋಟೀನು ಕೆಲವರ ಮೈಗೆ ಒಗ್ಗದೆ ಅಪಾಯ ತರುತ್ತದೆ. ಆದ್ದರಿಂದ ಆಸ್ಪತ್ರೆಯಲ್ಲೇ ಕೊಡಬೇಕು. ಮದ್ದಿಗೆ ಬೇಕಾದ ವಿಷ ಬಹುಪಾಲು ತಮಿಳುನಾಡಿನಲ್ಲಿ ಇರುಳರು ಹಿಡಿಯುವ ಹಾವುಗಳದ್ದು. ಒಂದೇ ಜಾತಿಯ ಹಾವಾದರೂ ಸೀಮೆಯಿಂದ ಸೀಮೆಗೆ ವಿಷ ಬದಲಾಗುತ್ತದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗಾರ್ ಮತ್ತು ಸಂಗಡಿಗರು ತೋರಿಸಿದ್ದಾರೆ. 2024ರಲ್ಲಿ ಇದೇ ಸಂಸ್ಥೆಯವರು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರೊಡನೆ ಸೇರಿ, ಕುದುರೆಯ ಹಂಗಿಲ್ಲದೆ, ಮನುಷ್ಯರ ಪ್ರತಿಕಾಯವನ್ನೇ ಪ್ರಯೋಗಾಲಯದಲ್ಲಿ ರೂಪಿಸಿದರು. ನಾಗರಹಾವು, ಕಟ್ಟುಹಾವುಗಳ ವಿಷದಲ್ಲಿ ನರಗಳನ್ನು ಸ್ತಬ್ಧಗೊಳಿಸುವ ಒಂದು ಮುಖ್ಯ ಭಾಗವನ್ನು ಅದು ತಡೆಯುತ್ತದೆ. ಇಲಿಗಳ ಮೇಲೆ, ವಿಷ ಚುಚ್ಚಿ ಸ್ವಲ್ಪ ಹೊತ್ತಾದ ಮೇಲೆ ಕೊಟ್ಟರೂ ಫಲ ಕಂಡಿತು.

ಸಂತೋಷದ ಸುದ್ದಿಯೇ. ಆದರೆ ಇಲಿಯಿಂದ ಮನುಷ್ಯನವರೆಗಿನ ದಾರಿ ಉದ್ದ. ಅಲ್ಲದೆ ರಕ್ತವನ್ನು ಹೆಪ್ಪುಗಟ್ಟದಂತೆ ಮಾಡುವ ಕೊಳಕುಮಂಡಲದ ವಿಷಕ್ಕೆ ಆ ಪ್ರತಿಕಾಯ ನಾಟದು. ನಮ್ಮ ಹೊಲಗಳಲ್ಲಿ ಹೆಚ್ಚು ಹೆದರಬೇಕಾದದ್ದು ಅದಕ್ಕೇ. ಆಸ್ಪತ್ರೆಯಲ್ಲಿ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಡುವುದನ್ನು ಕಂಡು 'ಸುಮ್ಮನೆ ಕಾಯಿಸುತ್ತಾರೆ' ಎಂದು ಜಗಳವಾಡಬೇಡಿ. ಹೆಪ್ಪುಗಟ್ಟುತ್ತದೋ ಇಲ್ಲವೋ ಎಂದು ನೋಡುವ ಪರೀಕ್ಷೆ ಅದು.

ಕಟ್ಟುಹಾವಿನದು ಬೇರೆ ಬಗೆ. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುತ್ತದೆ. ಗಾಯವೂ ಕಾಣದು, ನೋವೂ ತಿಳಿಯದು. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದ ಮಗುವಿನ ರೆಪ್ಪೆಗಳು ಜೋತುಬಿದ್ದಿದ್ದರೆ ಕಷಾಯ ಕಾಯಿಸುತ್ತಾ ಕೂರಬೇಡಿ. ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ಬಳೆ, ಕಾಲ್ಗೆಜ್ಜೆ ಬಿಚ್ಚಿ, ಕಚ್ಚಿದ ಕೈಕಾಲನ್ನು ಅಲುಗಿಸದೆ, ನಡೆಸದೆ, 108ಕ್ಕೆ ಕರೆಮಾಡಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಪಾವಗಡದ ಗಡಿಹಳ್ಳಿಯವರಿಗೆ ಆಂಧ್ರದ ದೊಡ್ಡಾಸ್ಪತ್ರೆ ಹತ್ತಿರವಾದರೆ ಅಲ್ಲಿಗೇ ಹೋಗಬಹುದು. ಅಲ್ಲಿ ಕೊಡುವುದೂ ಇದೇ ನಾಲ್ಕು ಹಾವಿನ ಮದ್ದು.