ಶೀತದೇಶದ ಮನೆಗಳಲ್ಲಿ ಬಾಯ್ಲರಿನ ಕಾರ್ಯವಿಧಾನ

ನಮ್ಮ ಭಾಗದ ಜನಕ್ಕೆ ಬಾಯ್ಲರ್ ಎಂದೊಡನೆ ಬಚ್ಚಲೊಲೆಯ ಮೇಲಣ ತಾಮ್ರದ ಹಂಡೆ ನೆನಪಾಗುವುದು ಸಹಜ. ಹಂಡೆಯ ನೀರು ಮೈಮೇಲೆ ಬಿದ್ದು ಮೋರಿಯಲ್ಲಿ ಹರಿದುಹೋಗುತ್ತದೆ. ಬ್ರಿಟನ್ನಿನಂತಹ ಶೀತದೇಶದಲ್ಲಿ ಮನೆಯನ್ನೇ ಬೆಚ್ಚಗಿಡುವ ಬಾಯ್ಲರಿನ ರೀತಿ ಬೇರೆ. ಅಲ್ಲಿ ಕೋಣೆಗಳನ್ನು ಕಾಯಿಸುವ ನೀರು ವೆಚ್ಚವಾಗುವುದಿಲ್ಲ. ಅದೇ ನೀರು ವರ್ಷಗಟ್ಟಲೆ ಕೊಳವೆಗಳೊಳಗೆ ಸುತ್ತುತ್ತಿರುತ್ತದೆ. ಆ ನಾಡಿನಲ್ಲಿ ನೆಲೆಸಿರುವ ಕನ್ನಡಿಗರೂ, ಚಳಿಗಾಲದಲ್ಲಿ ಮಕ್ಕಳ ಮನೆಗೆ ಹೋಗಿ ತಂಗುವ ತಂದೆತಾಯಿಗಳೂ ಈ ಯಂತ್ರದ ಮರ್ಮವನ್ನು ಅರಿತಿರುವುದು ಲೇಸು.

ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ಈ ಬಾಯ್ಲರ್ ಅನ್ವರ್ಥನಾಮವಲ್ಲ. ಪದದಲ್ಲಿ 'ಕುದಿಸುವುದು' ಎಂಬ ಅರ್ಥವಿದೆಯಾದರೂ ಅದು ನೀರನ್ನು ಕುದಿಸುವುದಿಲ್ಲ. ಸಾಮಾನ್ಯವಾಗಿ 50ರಿಂದ 80 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತದೆ, ಅಷ್ಟೆ. ಲೋಹದ ತೆಳುಗೋಡೆಯ ಒಂದು ಮಗ್ಗುಲಲ್ಲಿ ಉರಿಯುವ ಅನಿಲದ ಬಿಸಿಹೊಗೆ, ಇನ್ನೊಂದು ಮಗ್ಗುಲಲ್ಲಿ ನೀರು. ಕಾದ ನೀರನ್ನು ಪಂಪು ಕೋಣೆಕೋಣೆಯ ರೇಡಿಯೇಟರುಗಳಿಗೆ ತಳ್ಳುತ್ತದೆ. ಅಲ್ಲಿ ಉಷ್ಣವನ್ನು ಬಿಟ್ಟುಕೊಟ್ಟ ನೀರು ಮತ್ತೆ ಬಾಯ್ಲರಿಗೆ ಮರಳುತ್ತದೆ. ರೇಡಿಯೇಟರ್ ಎಂಬ ಹೆಸರೂ ಅರೆನಿಜವೇ. ವಿಕಿರಣಕ್ಕಿಂತ ಹೆಚ್ಚಾಗಿ ಅದು ತನ್ನನ್ನು ಸೋಕಿದ ಗಾಳಿಯನ್ನು ಬಿಸಿಮಾಡಿ ಮೇಲಕ್ಕೆ ಕಳುಹಿಸಿ, ಸಂವಹನದಿಂದ ಕೋಣೆಯನ್ನು ಬೆಚ್ಚಗಾಗಿಸುತ್ತದೆ.

ಕಾದ ನೀರು ಹಿಗ್ಗುವುದರಿಂದ, ಮುಚ್ಚಿದ ವ್ಯವಸ್ಥೆಯಲ್ಲಿ ಅದಕ್ಕೆ ಎಡೆಮಾಡಿಕೊಡಲು ರಬ್ಬರಿನ ಪೊರೆಯುಳ್ಳ ಒಂದು ಪಾತ್ರೆ ಇರುತ್ತದೆ. ತಣ್ಣಗಿರುವಾಗ ಮಾಪಕವು ಸುಮಾರು 1ರಿಂದ 1.5 ಬಾರ್ ಒತ್ತಡ ತೋರಬೇಕು. ಒತ್ತಡ 3 ಬಾರ್ ಮುಟ್ಟಿದರೆ ರಕ್ಷಣಾ ಕವಾಟ ತಾನಾಗಿ ತೆರೆದುಕೊಳ್ಳುತ್ತದೆ.

ಇನ್ನು ಮುಖ್ಯವಾದ ಸಂಗತಿ. ನೈಸರ್ಗಿಕ ಅನಿಲವು ಉರಿದಾಗ ನೀರಾವಿಯೂ ಹುಟ್ಟುತ್ತದೆ. ಇಂಧನದ ಶಾಖದಲ್ಲಿ ಶೇಕಡಾ ಹತ್ತರಷ್ಟು ಈ ಆವಿಯಲ್ಲಿ ಗುಪ್ತೋಷ್ಣವಾಗಿ ಅಡಗಿರುತ್ತದೆ. 18ನೆಯ ಶತಮಾನದಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿದ್ದ ಜೋಸೆಫ್ ಬ್ಲ್ಯಾಕ್ ಎಂಬ ವಿದ್ವಾಂಸನು ವಿವರಿಸಿದ ಗುಪ್ತೋಷ್ಣ ತತ್ತ್ವವೇ ಇದು. ಹಳೆಯ ಬಾಯ್ಲರುಗಳು ಆ ಶಾಖವನ್ನು ಹೊಗೆಕೊಳವೆಯಿಂದ ಆಕಾಶಕ್ಕೆ ಅರ್ಪಿಸುತ್ತಿದ್ದವು. ಇಂಗ್ಲೆಂಡಿನಲ್ಲಿ 2005ರಿಂದ ಹೊಸದಾಗಿ ಅಳವಡಿಸುವ ಅನಿಲ ಬಾಯ್ಲರುಗಳು, ಕೆಲವು ವಿನಾಯಿತಿಗಳ ಹೊರತು, ಆವಿಯನ್ನು ನೀರಾಗಿಸಿ ಆ ಶಾಖವನ್ನು ಮರಳಿ ಪಡೆಯುವ ಮಾದರಿಯವಾಗಿರಬೇಕೆಂಬ ನಿಯಮವಾಯಿತು. ಆದರೆ ಯಂತ್ರವನ್ನು ಕೊಂಡಮಾತ್ರಕ್ಕೆ ಫಲ ದೊರೆಯದು. ರೇಡಿಯೇಟರಿನಿಂದ ಮರಳುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಆವಿ ಹನಿಗಟ್ಟುತ್ತದೆ. ಬಾಯ್ಲರನ್ನು 80 ಡಿಗ್ರಿಗೆ ತಿರುಗಿಸಿಟ್ಟವನು ಬೆಲೆಬಾಳುವ ಯಂತ್ರವನ್ನು ಕೊಂಡು ಹಳೆಯ ಯಂತ್ರದಂತೆ ಉರಿಸಿದವನೇ. 60 ಡಿಗ್ರಿ ಅಥವಾ ಅದಕ್ಕೂ ಕೆಳಗಿಟ್ಟರೆ ಮನೆ ನಿಧಾನವಾಗಿ ಬೆಚ್ಚಗಾದೀತು, ಅನಿಲದ ಖರ್ಚು ಇಳಿದೀತು. ಆದರೆ ಸ್ನಾನದ ಬಿಸಿನೀರನ್ನು ತೊಟ್ಟಿಯಲ್ಲಿ ಶೇಖರಿಸುವ ಮನೆಗಳಲ್ಲಿ ತೊಟ್ಟಿಯ ನೀರು 60 ಡಿಗ್ರಿ ಇರಲೇಬೇಕು; ಇಲ್ಲವಾದರೆ ಲೀಜಿಯೊನೆಲ್ಲಾ ಎಂಬ ರೋಗಾಣು ಬೆಳೆಯುವ ಭಯವುಂಟು.

ರೇಡಿಯೇಟರಿನ ಮೇಲ್ಭಾಗ ತಣ್ಣಗಿದ್ದು ಕೆಳಭಾಗ ಬಿಸಿಯಿದ್ದರೆ ಒಳಗೆ ಗಾಳಿ ಸೇರಿದೆ ಎಂದರ್ಥ. ಪುಟ್ಟ ಕೀಲಿಯಿಂದ ಅದನ್ನು ಹೊರಬಿಡಬಹುದು. ಕೆಳಭಾಗ ತಣ್ಣಗಿದ್ದರೆ ಕಬ್ಬಿಣದ ತುಕ್ಕಿನ ಕರಿಗಸಿ ತಳದಲ್ಲಿ ನಿಂತಿದೆ. ಅದು ಕಸುಬುದಾರನ ಕೆಲಸ.

ಪ್ರಾಣದ ಪ್ರಶ್ನೆ ಇರುವುದು ಹೊಗೆಯಲ್ಲಿ. ಉರಿಗೆ ಗಾಳಿ ಸಾಲದಾದಾಗ ಕಾರ್ಬನ್ ಮಾನಾಕ್ಸೈಡ್ ಎಂಬ, ಬಣ್ಣವೂ ವಾಸನೆಯೂ ಇಲ್ಲದ ವಿಷಾನಿಲ ಹುಟ್ಟುತ್ತದೆ. ಹೊಗೆಕೊಳವೆ ಬಿರಿದಿದ್ದರೆ ಅದು ಮನೆಯೊಳಕ್ಕೇ ನುಗ್ಗುತ್ತದೆ. ನಮ್ಮ ನಗರಗಳಲ್ಲಿ ಗಾಳಿಯಾಡದ ಬಚ್ಚಲುಗಳಲ್ಲಿ ಗ್ಯಾಸ್ ಗೀಸರಿನಿಂದ ಸಂಭವಿಸಿರುವ ಸಾವುಗಳಿಗೂ ಕಾರಣ ಇದೇ. ತಲೆನೋವು, ಓಕರಿಕೆ, ತಲೆಸುತ್ತು ಮೊದಲ ಲಕ್ಷಣಗಳು. ಮನೆಯಿಂದ ಹೊರಗೆ ಹೋದಾಗ ಅವು ಕಡಿಮೆಯಾದರೆ ಸಂಶಯ ಬಲವಾಗಬೇಕು. ಚಳಿಗಾಲದ ನೆಗಡಿಜ್ವರವೆಂದು ಉಪೇಕ್ಷಿಸಿ ಕಿಟಕಿ ಮುಚ್ಚಿ ಮಲಗುವುದು ಅಪಾಯಕರ. ವಿಷಾನಿಲವನ್ನು ಸೂಚಿಸುವ ಗಂಟೆಯನ್ನು ಮನೆಯಲ್ಲಿ ಅಳವಡಿಸಿರಬೇಕು. ಅದು ಕೂಗಿದೊಡನೆ ಬಾಯ್ಲರ್ ಆರಿಸಿ, ಬಾಗಿಲು ಕಿಟಕಿಗಳನ್ನು ತೆರೆದು, ಎಲ್ಲರೂ ಹೊರಗೆ ನಡೆಯಬೇಕು. ಬ್ರಿಟನ್ನಿನಲ್ಲಿ 'ಗ್ಯಾಸ್ ಸೇಫ್' ನೋಂದಣಿ ಪಡೆದ ತಜ್ಞನು ಪರೀಕ್ಷಿಸಿ ಒಪ್ಪುವವರೆಗೆ ಅದನ್ನು ಮತ್ತೆ ಹೊತ್ತಿಸಕೂಡದು.