☸️ *ಇಂದಿನ ಧಮ್ಮ ಚಿಂತನೆ: ಬಾಗಿಲಲ್ಲಿ ವಂಶ ಕೇಳಬಾರದು* ☸️





ಮೊನ್ನೆ ನಮ್ಮ ಗುಂಪಿಗೆ ಒಂದು ಫೋಟೋ ಬಂದಿತ್ತು. ಅದರಲ್ಲಿದ್ದವರ ತಲೆಯ ಮೇಲೆ ಪುಟ್ಟ ದುಂಡು ಟೋಪಿ, ಹೆಗಲ ಮೇಲೆ ಪ್ರಾರ್ಥನೆಯ ಶಾಲು. ಕೆಳಗೆ "ಆಂಧ್ರದ ಮಾದಿಗರು ಯಹೂದಿಗಳಾಗಿದ್ದಾರೆ" ಎಂದು ಬರೆದಿತ್ತು. ಕೆಲವರು ನಗುವ ಎಮೋಜಿ ಹಾಕಿದರು. ಒಬ್ಬರು, "ಬಾಬಾಸಾಹೇಬರು ದಾರಿ ತೋರಿಸಿರುವಾಗ ಇವರಿಗೆ ಅದು ಯಾಕೆ ಬೇಕಿತ್ತು?" ಎಂದು ಕೇಳಿದರು. ನಗುವ ವಿಷಯ ಇದಲ್ಲ. ಆದರೆ ಆ ಪ್ರಶ್ನೆ ಒಳ್ಳೆಯದು. ಇವತ್ತು ಅದನ್ನೇ ಅಧ್ಯಯನಕ್ಕೆ ತೆಗೆದುಕೊಳ್ಳೋಣ.

*ಇವರು ಯಾರು?*

ಗುಂಟೂರು ಜಿಲ್ಲೆಯ ಚೇಬ್ರೋಲು ಹತ್ತಿರ ಕೊತ್ತರೆಡ್ಡಿಪಾಲೆಂ ಎಂಬ ಊರಿದೆ. ಅಲ್ಲಿನ ಕೆಲವು ಮಾದಿಗ ಕುಟುಂಬಗಳು ತಮ್ಮನ್ನು 'ಬೆನೆ ಎಫ್ರಾಯೀಮ್', ಅಂದರೆ ಎಫ್ರಾಯೀಮನ ಮಕ್ಕಳು ಎಂದು ಕರೆದುಕೊಳ್ಳುತ್ತವೆ. ಕ್ರಿ.ಪೂ. 8ನೇ ಶತಮಾನದಲ್ಲಿ ಅಸ್ಸೀರಿಯದವರು ಇಸ್ರೇಲನ್ನು ಗೆದ್ದಾಗ ಚದುರಿಹೋದವೆಂದು ಹೇಳುವ ಹತ್ತು ಕುಲಗಳಲ್ಲಿ ಎಫ್ರಾಯೀಮನ ಕುಲವೂ ಒಂದು. ತಾವು ಆ ಕುಲದವರು ಎಂಬುದು ಇವರ ನಂಬಿಕೆ.

ಆ ಸೀಮೆಯ ಮಾದಿಗರಿಗೆ ಮತಾಂತರ ಹೊಸದಲ್ಲ. 1878ರಲ್ಲಿ, ಬರಗಾಲದ ಹಿಂದೆಯೇ, ಒಂಗೋಲು ಭಾಗದಲ್ಲಿ ಸಾವಿರಾರು ಮಾದಿಗರು ಬ್ಯಾಪ್ಟಿಸ್ಟ್ ಕ್ರೈಸ್ತರಾದರು. ಬೆನೆ ಎಫ್ರಾಯೀಮ್ ಕುಟುಂಬಗಳೂ ಕ್ರೈಸ್ತ ಹಿನ್ನೆಲೆಯಿಂದಲೇ ಬಂದವು. ಯಾಕೋಬಿ ಸಹೋದರರ ಮುಂದಾಳತ್ವದಲ್ಲಿ 1991ರಲ್ಲಿ ಇವರು ಊರಿನಲ್ಲಿ ಸಿನಗಾಗ್ ಸ್ಥಾಪಿಸಿದರು. ಹೀಬ್ರೂ ಕಲಿತರು. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಸಬ್ಬತ್ ಆಚರಿಸತೊಡಗಿದರು.

*ವಂಶದ ಕಥೆ ಯಾಕೆ ಬೇಕಾಯಿತು?*

ಮಾದಿಗರು ದನದ ಮಾಂಸ ತಿನ್ನುತ್ತಾರೆ ಎಂದು ಊರಿನವರು ಅವರನ್ನು ಹೀಗಳೆದರು. ಬೆನೆ ಎಫ್ರಾಯೀಮರು ಅದೇ ಊಟವನ್ನು ತಮ್ಮ ಯಹೂದಿ ಮೂಲದ ಗುರುತು ಎಂದರು. ಯಾವುದನ್ನು ತೋರಿಸಿ ಅವಮಾನ ಮಾಡಿದ್ದರೋ ಅದನ್ನೇ ತಲೆ ಎತ್ತಿ ಹೇಳಿಕೊಂಡರು.

ಇದನ್ನು ಓದಿ ನಗುವ ಮುಂಚೆ ನಮ್ಮದೇ ಕಪಾಟು ತೆರೆಯೋಣ. ಅಸ್ಪೃಶ್ಯರ ಮೂಲದ ಬಗ್ಗೆ ಬಾಬಾಸಾಹೇಬರು 1948ರಲ್ಲಿ ಪುಸ್ತಕ ಬರೆದರು. ನಮ್ಮ ಪೂರ್ವಿಕರು ಒಡೆದುಹೋದ ಬುಡಕಟ್ಟುಗಳ ಜನ, ಅವರು ಬೌದ್ಧರಾಗಿದ್ದರು, ಬೌದ್ಧ ಧರ್ಮವನ್ನೂ ದನದ ಮಾಂಸವನ್ನೂ ಬಿಡದ ಕಾರಣಕ್ಕೆ ಅಸ್ಪೃಶ್ಯರಾದರು ಎಂದು ವಾದಿಸಿದರು. ಕಳೆದುಹೋದ ಇತಿಹಾಸವನ್ನು ಹುಡುಕಿದವರು ನಾವೂ ಹೌದು. ಈಜಿಪ್ಟಿನ ಗುಲಾಮಗಿರಿಯಿಂದ ಯಹೂದಿಗಳನ್ನು ಬಿಡಿಸಿದ ಮೋಶೆಯ ಬಗ್ಗೆ ಬಾಬಾಸಾಹೇಬರೇ 1941ರಲ್ಲಿ ಲೇಖನ ಬರೆದಿದ್ದರು.

*ಹಾಗಾದರೆ ವ್ಯತ್ಯಾಸ ಎಲ್ಲಿದೆ?*

ವ್ಯತ್ಯಾಸ ಇರುವುದು ಬಾಗಿಲಲ್ಲಿ. ವಂಶದ ಮೇಲೆ ನಿಂತ ಹಕ್ಕಿಗೆ ಬೇರೆಯವರ ಒಪ್ಪಿಗೆ ಬೇಕು. ಇಸ್ರೇಲ್ ಇವರನ್ನು ಕಳೆದುಹೋದ ಕುಲವೆಂದು ಒಪ್ಪಿಲ್ಲ. ಹೊಸದಾಗಿ ಮತಾಂತರವಾಗಬೇಕೆಂದರೂ ರಬ್ಬಿಗಳ ನ್ಯಾಯಮಂಡಳಿ ಪರೀಕ್ಷಿಸಿ ಒಪ್ಪಬೇಕು. ಇತ್ತ ನಮ್ಮ ದೇಶದ ಕಾನೂನು ಇನ್ನೊಂದು ಬಾಗಿಲು. 1950ರ ಪರಿಶಿಷ್ಟ ಜಾತಿ ಆದೇಶದಲ್ಲಿ ಮೊದಲು ಹಿಂದೂಗಳಿಗೆ ಜಾಗವಿತ್ತು. 1956ರಲ್ಲಿ ಸಿಖ್ಖರು ಸೇರಿದರು, 1990ರಲ್ಲಿ ಬೌದ್ಧರು ಸೇರಿದರು. ದಾಖಲೆಯಲ್ಲಿ ಯಹೂದಿ ಎಂದು ಬರೆಸಿದ ಮಾದಿಗನಿಗೆ ಅಲ್ಲಿ ಜಾಗವಿಲ್ಲ. ಪ್ರಾರ್ಥನೆ ಒಂದು ಕಡೆ, ಜಾತಿ ಪ್ರಮಾಣಪತ್ರ ಇನ್ನೊಂದು ಕಡೆ. 1990ಕ್ಕೆ ಮುಂಚೆ ದೀಕ್ಷೆ ಪಡೆದ ನಮ್ಮ ಹಿರಿಯರಿಗೆ ಈ ಕಷ್ಟ ಚೆನ್ನಾಗಿ ಗೊತ್ತು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಭಿಕ್ಷು ಚಂದ್ರಮಣಿ ಅವರಿಂದ ತಿಸರಣ, ಪಂಚಶೀಲ ಪಡೆದರು. ಆಮೇಲೆ ತಾವೇ ನಿಂತು ಲಕ್ಷಾಂತರ ಜನರಿಗೆ ದೀಕ್ಷೆ ಕೊಟ್ಟು 22 ಪ್ರತಿಜ್ಞೆಗಳನ್ನು ಹೇಳಿಸಿದರು. ಪೂರ್ವಿಕರ ಇತಿಹಾಸ ಬರೆದಿದ್ದ ಅವರೇ ಅಂದು ಯಾರಿಂದಲೂ ವಂಶದ ಪುರಾವೆ ಕೇಳಲಿಲ್ಲ. ವಸಲ ಸುತ್ತದಲ್ಲಿ ಭಗವಾನ್ ಬುದ್ಧರು ಅಗ್ಗಿಕ ಭಾರದ್ವಾಜನಿಗೆ ತಿಳಿಸಿದ್ದೂ ಇದನ್ನೇ: ಮನುಷ್ಯನನ್ನು ಅಳೆಯಬೇಕಾದ್ದು ಅವನ ನಡತೆಯಿಂದ, ಹುಟ್ಟಿನಿಂದಲ್ಲ.

*ಒಳಗೆ ಹೋದ ಮೇಲೆ?*

ಮತಾಂತರವಾಗಿ ಬಂದವನಿಗೆ ಅವನ ಹಿಂದಿನ ಬಾಳನ್ನು ಎತ್ತಿ ಆಡಿ ನೋಯಿಸಬಾರದು ಎಂಬ ನಿಯಮ ಯಹೂದಿ ಧರ್ಮಶಾಸ್ತ್ರದಲ್ಲಿದೆ. ಒಳ್ಳೆಯ ನಿಯಮ. ಆದರೂ ಕೊಚ್ಚಿಯಲ್ಲಿ ಏನಾಯಿತು ನೋಡಿ. 1568ರಲ್ಲಿ ಕಟ್ಟಿದ ಪರದೇಸಿ ಸಿನಗಾಗ್‌ನಲ್ಲಿ, ಬಿಡುಗಡೆಯಾದ ಗುಲಾಮರ ಸಂತತಿ ಎಂದು ಕರೆಸಿಕೊಂಡವರಿಗೆ ಉಳಿದವರ ಜೊತೆ ಸಮನಾಗಿ ಕೂರುವ ಹಕ್ಕು ಇರಲಿಲ್ಲ. ದೇವರೂ ಅವರೇ, ಗ್ರಂಥವೂ ಅದೇ, ಆದರೆ ಕೂರುವ ಜಾಗ ಬೇರೆ. ಅದೇ ಸಮುದಾಯದಲ್ಲಿ ಹುಟ್ಟಿದ ವಕೀಲ ಎ.ಬಿ. ಸಲೇಂ (1882–1967) ಸಿನಗಾಗ್‌ನಲ್ಲೇ ಸತ್ಯಾಗ್ರಹ ಮಾಡಿದರು. ಆ ತಡೆಗಳು ಒಂದೊಂದಾಗಿ ಬೀಳುವುದಕ್ಕೆ ವರ್ಷಗಳೇ ಬೇಕಾದವು.

ಧರ್ಮ ಬದಲಾದ ಮಾತ್ರಕ್ಕೆ ಜಾತಿ ಹೊರಗೆ ಉಳಿಯುವುದಿಲ್ಲ. ಅದು ಚಪ್ಪಲಿಯಂತಲ್ಲ, ಬಾಗಿಲಲ್ಲಿ ಬಿಟ್ಟು ಒಳಗೆ ಹೋಗಲು. ನಾವೇ ನಮ್ಮ ಮನಸ್ಸಿನಿಂದ ಅದನ್ನು ಕಿತ್ತು ಹಾಕಬೇಕು.

ಈಗ ನಮ್ಮ ಮಾತು. ನಾಗಪುರದ ಬಾಗಿಲು ಎಲ್ಲರಿಗೂ ತೆರೆದಿತ್ತು, ಆದರೆ ಅಂದು ಬಂದವರಲ್ಲಿ ಬಹುಪಾಲು ಮಹಾರರು. ನಮ್ಮ ಕರ್ನಾಟಕದಲ್ಲಿ? ವಂದನೆಗೆ ಹೊಸಬರು ಬಂದರೆ ಹೆಸರು ಕೇಳಿ, ಊರು ಕೇಳಿ, ಆಮೇಲೆ ದನಿ ತಗ್ಗಿಸಿ "ನಿಮ್ಮದು ಬಲಗೈನೋ ಎಡಗೈನೋ?" ಎಂದು ಕೇಳುವವರು ನಮ್ಮಲ್ಲಿ ಇಲ್ಲವೇ? ಮಗಳಿಗೆ ಗಂಡು ನೋಡುವಾಗ "ಬೌದ್ಧರಾದರೆ ಸಾಕು" ಎಂದು ಎಷ್ಟು ಮನೆಯವರು ಹೇಳುತ್ತೇವೆ? ಗುಂಟೂರಿನ ಮಾದಿಗರು ನಮ್ಮ ದಾರಿಗೆ ಯಾಕೆ ಬರಲಿಲ್ಲ ಎಂದು ಕೇಳುವ ಮೊದಲು, ನಮ್ಮ ಊರಿನ ಮಾದಿಗ ಬಂಧು ವಿಹಾರಕ್ಕೆ ಬಂದರೆ ಎಲ್ಲಿ ಕೂರಿಸುತ್ತೇವೆ ಎಂದು ಕೇಳಿಕೊಳ್ಳೋಣ.

*ಇಂದಿನ ಅಭ್ಯಾಸ* 🙏

1. ಮರ್ಯಾದೆಗಾಗಿ ಬೇರೆ ದಾರಿ ಹಿಡಿದವರನ್ನು ಇವತ್ತು ಹಾಸ್ಯ ಮಾಡುವುದಿಲ್ಲ ಎಂದು ಸಂಕಲ್ಪ ಮಾಡಿ.
2. ಈ ಭಾನುವಾರ ವಂದನೆಗೆ ನಿಮ್ಮ ಉಪಜಾತಿಯವರಲ್ಲದ ಒಂದು ಕುಟುಂಬವನ್ನು ಮನೆಗೆ ಹೋಗಿ ಕರೆಯಿರಿ.
3. ವಂದನೆ ಮುಗಿದ ಮೇಲೆ ಅವರೊಂದಿಗೆ ಕೂತು ಊಟ ಮಾಡಿ.

ಎಷ್ಟು ಮನೆಗಳಿಗೆ ಹೋದಿರಿ ಎಂದು ಭಾನುವಾರ ಸಂಜೆ ಗುಂಪಿನಲ್ಲಿ ತಿಳಿಸಿ. ಆಗಲಿಲ್ಲವೆಂದರೆ ಯಾಕೆ ಆಗಲಿಲ್ಲ ಎಂಬುದನ್ನೂ ಬರೆಯಿರಿ. ಮುಂದಿನ ಚಿಂತನೆಗೆ ಅದೇ ಪಾಠ.

ಸಾಧು, ಸಾಧು, ಸಾಧು.
ಜೈ ಭೀಮ್ 💙