ಜಮೀನು ಕೊಳ್ಳಬೇಡ, ಗೇಣಿಗೆ ಮಾಡು

ಪ್ರೀತಿಯ ತಮ್ಮನಿಗೆ,

ನಿನ್ನ ಕಾಗದ ಬಂತು. ತುಲೂಸ್‌ನ ವಿಮಾನದ ಕಂಪನಿಯ ಕೆಲಸ ಬಿಟ್ಟು, ಇಲ್ಲಿ ಕ್ರೋಜ್ ಜಿಲ್ಲೆಯಲ್ಲಿ ಹಳೆಯ ಕಲ್ಲುಮನೆ, ಅದರ ಸುತ್ತಲಿನ ಹುಲ್ಲುಗಾವಲು ಕೊಂಡು ಹೆಂಡತಿ ಮಕ್ಕಳೊಂದಿಗೆ ನೆಲೆಸಬೇಕು ಎಂದು ಬರೆದಿದ್ದೀಯ. ಹಣಕ್ಕೆ ಬೆಂಗಳೂರಿನ ಸೈಟು ಮಾರುತ್ತೀಯಂತೆ. ಬರಬೇಡ ಎನ್ನುವವಳು ನಾನಲ್ಲ. ಬಾ. ಆದರೆ ಸೈಟು ಮಾರಬೇಡ, ಜಮೀನನ್ನೂ ಕೊಳ್ಳಬೇಡ. ಗೇಣಿಗೆ ಮಾಡು. ಫ್ರಾನ್ಸಿನಲ್ಲಿ ನಿನ್ನಂತೆಯೇ ಯೋಚಿಸುತ್ತಿರುವ ಕನ್ನಡದ ಹುಡುಗರು ಇನ್ನೂ ಇರಬಹುದು ಎಂದು ಈ ಪತ್ರವನ್ನು ಪತ್ರಿಕೆಗೂ ಕೊಡುತ್ತಿದ್ದೇನೆ.

ಗೇಣಿ ಎಂದರೆ ನಿನಗೆ ಹಿಡಿಸುವುದಿಲ್ಲ, ಬಲ್ಲೆ. ನಮ್ಮಲ್ಲಿ 1974ರ ಭೂಸುಧಾರಣೆ ಉಳುವವನನ್ನೇ ಹೊಲದೊಡೆಯನನ್ನಾಗಿ ಮಾಡಿತು. ಪಹಣಿಯಲ್ಲಿ ಹೆಸರಿದ್ದರೆ ಮಾತ್ರ ಹೊಲ ನಮ್ಮದು ಎಂಬುದು ಅಂದಿನಿಂದ ನಮ್ಮ ಮನೆಗಳಲ್ಲಿ ಬೇರೂರಿದೆ. ಫ್ರಾನ್ಸ್ ಹಿಡಿದದ್ದು ಬೇರೆ ದಾರಿ. 1946ರ ಕಾನೂನು ಒಡೆತನವನ್ನು ಒಡೆಯನ ಕೈಯಲ್ಲೇ ಬಿಟ್ಟು, ಹೊಲವನ್ನು ಗೇಣಿದಾರನ ಕೈಗೆ ಗಟ್ಟಿಯಾಗಿ ಕೊಟ್ಟಿತು. ಗೇಣಿ ಕರಾರು ಕನಿಷ್ಠ 9 ವರ್ಷದ್ದು. ಅವಧಿ ಮುಗಿದರೆ ತಾನಾಗಿಯೇ ಮತ್ತೆ 9 ವರ್ಷಕ್ಕೆ ಮುಂದುವರಿಯುತ್ತದೆ. ತಾನೇ ಉಳುತ್ತೇನೆ, ಇಲ್ಲವೇ ಹೆಂಡತಿ ಮಕ್ಕಳು ಉಳುತ್ತಾರೆ ಎಂದು ಒಡೆಯ ಹೊಲ ವಾಪಸು ಕೇಳಬಹುದು, ಅದಕ್ಕೂ 18 ತಿಂಗಳು ಮುಂಚೆ ನೋಟಿಸು ಕೊಡಬೇಕು. ಗೇಣಿ ಎಷ್ಟಿರಬೇಕು ಎಂಬ ಮಿತಿಯನ್ನು ಜಿಲ್ಲೆಯ ಪ್ರಿಫೆ, ಅಂದರೆ ನಮ್ಮ ಜಿಲ್ಲಾಧಿಕಾರಿಯಂಥವರು ಗೊತ್ತುಮಾಡುತ್ತಾರೆ. ಒಡೆಯ ಹೊಲ ಮಾರಿದರೂ ನಿನ್ನ ಕರಾರು ಮುರಿಯುವುದಿಲ್ಲ. ಮೂರು ವರ್ಷ ಬೇಸಾಯ ಮಾಡಿದ್ದರೆ ಕೊಳ್ಳುವ ಮೊದಲ ಹಕ್ಕೂ ನಿನ್ನದೇ. ಈ ದೇಶದ ಉಳುವ ನೆಲದಲ್ಲಿ ಅರ್ಧಕ್ಕಿಂತ ಹೆಚ್ಚು ಗೇಣಿಯದು. ಯಾರೂ ಅದನ್ನು ಕೀಳಾಗಿ ಕಾಣುವುದಿಲ್ಲ. ಒಂದು ಎಚ್ಚರ: ಪುಕ್ಕಟೆಯಾಗಿ ಉಳುಕೋ ಎಂದು ಬರೆದುಕೊಡುವ ಕರಾರಿಗೆ ಈ ಯಾವ ರಕ್ಷಣೆಯೂ ಇಲ್ಲ. ಅಂಥ ಔದಾರ್ಯಕ್ಕೆ ಸಹಿ ಹಾಕಬೇಡ.

ಹಣ ಹಿಡಿದು ಬಂದ ಮಾತ್ರಕ್ಕೆ ಇಲ್ಲಿ ಜಮೀನು ಸಿಗುತ್ತದೆ ಎಂದೂ ತಿಳಿಯಬೇಡ. ಕ್ರಯಪತ್ರ ಮಾಡುವ ನೋಟೇರ್ ಮುಂದೆ ಮಾತಾದರೆ ಅವರು ಮೊದಲು ಸಫೇರ್ ಎಂಬ ಜಮೀನು ಸಂಸ್ಥೆಗೆ ತಿಳಿಸಬೇಕು. 1960ರ ಕಾನೂನಿನಿಂದ ಹುಟ್ಟಿದ ಆ ಸಂಸ್ಥೆಗೆ ನಿರ್ಧರಿಸಲು ಎರಡು ತಿಂಗಳ ಗಡುವಿದೆ. ಬೇಕೆಂದರೆ ನಿನ್ನನ್ನು ಬದಿಗಿಟ್ಟು ತಾನೇ ಕೊಂಡು ಆ ಊರಿನ ರೈತನಿಗೆ ಕೊಡಬಹುದು. ಹೊಲದ ಹಸಿವೂ ಜೋರಾಗಿದೆ. 1988ರಲ್ಲಿ ಹತ್ತು ಲಕ್ಷ ದಾಟಿದ್ದ ಬೇಸಾಯದ ಘಟಕಗಳು 2020ರ ಗಣತಿಯ ಹೊತ್ತಿಗೆ ಸುಮಾರು 3.9 ಲಕ್ಷಕ್ಕೆ ಇಳಿದಿದ್ದವು. ಒಂದೊಂದರ ಸರಾಸರಿ ಹಿಡುವಳಿ 69 ಹೆಕ್ಟೇರ್, ಅಂದರೆ 170 ಎಕರೆ. ಒಬ್ಬ ಬಿಟ್ಟ ಹೊಲ ಪಕ್ಕದವನ ಹೊಲಕ್ಕೆ ಸೇರುತ್ತ ಹೋದದ್ದರಿಂದಲೇ ಹೀಗಾಗಿದೆ. ಆದರೂ ತಮ್ಮ ಹೊಲಮನೆಯಲ್ಲಿ ಮತ್ತೆ ಒಂದು ಸಂಸಾರ ಇರಲಿ ಎಂದು ಬಯಸುವ, ಮಕ್ಕಳು ಬೇಸಾಯ ಬೇಡವೆಂದ ಮುದುಕರೂ ಇದ್ದಾರೆ. ಕೃಷಿ ಚೇಂಬರಿನಲ್ಲಿ ಅಂಥವರ ಪಟ್ಟಿ ಇರುತ್ತದೆ, ಹೋಗಿ ಹೆಸರು ಬರೆಸು. 2003ರಲ್ಲಿ ಶುರುವಾದ ತೆರ್ ದ ಲಿಯಾಂ ಎಂಬ ಸಂಘ ಜನರಿಂದ ಹಣ ಕೂಡಿಸಿ ಜಮೀನು ಕೊಂಡು ಸಾವಯವ ಬೇಸಾಯಗಾರರಿಗೆ ಗೇಣಿಗೆ ಕೊಡುತ್ತದೆ. ಅವರ ಬಾಗಿಲನ್ನೂ ತಟ್ಟು.

ಈಗ ಹಸುವಿನ ಮಾತು. 'ಹಸು ಸಾಕಿ ಬದುಕುತ್ತೇವೆ' ಎಂಬ ನಿನ್ನ ಸಾಲು ಓದಿ ನನಗೆ ಕಳವಳವಾಯಿತು. ಕ್ರೋಜ್‌ನ ಹುಲ್ಲುಗಾವಲಿನಲ್ಲಿ ಮೇಯುವ ಆ ಕೆಂಚು ಲಿಮೂಜಾಂ ತಳಿಯ ಹಸು ಹಾಲಿನದಲ್ಲ, ಮಾಂಸದ್ದು. ಕರು ತಾಯಿಯ ಹಾಲು ಕುಡಿದು, ಅದರ ಜೊತೆಯಲ್ಲೇ ಮೇಯುತ್ತ ಎಂಟು ಹತ್ತು ತಿಂಗಳಿಗೆ ತುಂಬಿಕೊಳ್ಳುತ್ತದೆ. ಆಮೇಲೆ ವ್ಯಾಪಾರಿಯ ಲಾರಿ ಅಂಗಳಕ್ಕೆ ಬರುತ್ತದೆ. ಬಹಳಷ್ಟು ಕರುಗಳು ಕೊಬ್ಬಿಸುವುದಕ್ಕೆ ಇಟಲಿಗೆ ಹೋಗುತ್ತವೆ. ಕಿವಿಯ ಬಿಲ್ಲೆಯ ನಂಬರನ್ನು ಕಾಗದದ ಜೊತೆ ತಾಳೆ ನೋಡಿ, ಒಂದೊಂದನ್ನೇ ಹಲಗೆ ಹತ್ತಿಸುತ್ತಾರೆ. ತಾಯಿ ಹಸುಗಳು ಬೇಲಿಯ ಹತ್ತಿರ ನಿಂತು ಅಂಬಾ ಎನ್ನುತ್ತಲೇ ಇರುತ್ತವೆ, ರಾತ್ರಿಯೆಲ್ಲ. ನಿನ್ನ ಮಕ್ಕಳು ಆ ಕರುವಿಗೆ ಹೆಸರಿಟ್ಟಿರುತ್ತಾರೆ. ಮನೆಯಲ್ಲಿ ಗೋಪೂಜೆ ಮಾಡುವ ನೀವು ಇದನ್ನು ತಡೆದುಕೊಳ್ಳಬಲ್ಲಿರಾ? ಇಬ್ಬರೂ ಕೂತು ಈಗಲೇ ಮಾತಾಡಿ. ಚೀಸ್ ಮಾಡುತ್ತೇವೆ ಎಂದು ಆಡು ಕಟ್ಟಿದರೂ ಗಂಡುಮರಿಗಳ ಗತಿ ಅದೇ. ಮನಸ್ಸು ಒಪ್ಪದಿದ್ದರೆ ತರಕಾರಿ ಇದೆ, ಹಣ್ಣಿದೆ, ಜೇನಿದೆ. ಅವಕ್ಕೆ ಅರವತ್ತು ಹೆಕ್ಟೇರ್ ಬೇಡ, ಸಾಲವೂ ಕಡಿಮೆ. ನಿನಗೆ ನಾನು ಹೇಳುವುದು ಅದನ್ನೇ.

ಹೆಂಡತಿಯ ವಿಷಯ ಕಾಗದದಲ್ಲಿ ಒಂದೇ ಸಾಲು ಬರೆದಿದ್ದೀಯ, 'ಅವಳೂ ಕೈಜೋಡಿಸುತ್ತಾಳೆ' ಎಂದು. ತಮ್ಮಾ, ಕೈಜೋಡಿಸುವವಳ ಹೆಸರು ಕಾಗದದಲ್ಲೂ ಇರಬೇಕು. ಇಲ್ಲಿಯ ರೈತರ ಹೆಂಡಂದಿರು ಒಂದು ಕಾಲಕ್ಕೆ ಬೆಳಗಿನಿಂದ ರಾತ್ರಿವರೆಗೆ ದುಡಿದೂ ಸರಕಾರಿ ಲೆಕ್ಕದಲ್ಲಿ 'ಉದ್ಯೋಗವಿಲ್ಲದವರು' ಆಗಿದ್ದರು. ಮುಪ್ಪಿನಲ್ಲಿ ಪಿಂಚಣಿ ಬಿಡಿಗಾಸು. ಈಗ ಹೊಲದಲ್ಲಿ ದುಡಿಯುವ ಸಂಗಾತಿಯ ಸ್ಥಾನವನ್ನು ರೈತರ ವಿಮಾ ಸಂಸ್ಥೆ ಎಂಎಸ್‌ಎಗೆ ತಿಳಿಸಲೇಬೇಕು. 'ಸಹಾಯಕ ಸಂಗಾತಿ' ಎಂದು ಬರೆಸಿದರೆ ಕಂತು ಅಗ್ಗ, ಆದರೆ 2022ರಿಂದ ಅದು ಐದು ವರ್ಷಕ್ಕಷ್ಟೇ. ಕಂತು ಉಳಿಸಲು ಹೋಗಬೇಡ. ಮೊದಲ ದಿನವೇ ಅವಳನ್ನು ಸಮಪಾಲುದಾರಳಾಗಿ ಬರೆಸು. ಗಂಡಹೆಂಡಿರಿಬ್ಬರೇ ಸೇರಿ ಗಾಯೆಕ್ ಎಂಬ ಕೂಡುಬೇಸಾಯದ ಸಂಸ್ಥೆ ಕಟ್ಟಲು 2010ರ ಕಾನೂನು ಅವಕಾಶ ಕೊಟ್ಟಿದೆ.

ಮನೆಯನ್ನು ಮೇ ತಿಂಗಳಲ್ಲಿ ನೋಡಿ ಮರುಳಾಗಬೇಡ. ಜನವರಿಯಲ್ಲಿ ಬಾ. ಆ ದಪ್ಪ ಕಲ್ಲುಗೋಡೆ ತೇವ ಹೀರಿಕೊಂಡು ಎಷ್ಟು ತಣ್ಣಗಿರುತ್ತದೆ ಎಂದು ಅಂಗೈ ಇಟ್ಟು ನೋಡು. ಒಲೆಗೆ ಓಕ್ ಸೌದೆ ಎರಡು ವರ್ಷ ಒಣಗಿರಬೇಕು, ಹಸಿಯದು ಹೊಗೆ ಕಾರುತ್ತದೆ, ಶಾಖ ಕೊಡುವುದಿಲ್ಲ. ಮಕ್ಕಳ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಮೂರು ವರ್ಷಕ್ಕೇ ಶಾಲೆ ಕಡ್ಡಾಯ. ಮಕ್ಕಳಿಲ್ಲದೆ ತರಗತಿ ಮುಚ್ಚೀತೆಂದು ಹೆದರುವ ಹಳ್ಳಿಯ ಮೇಯರ್ ನಿನ್ನ ಇಬ್ಬರು ಮಕ್ಕಳನ್ನು ಸಂತೋಷದಿಂದಲೇ ಬರಮಾಡಿಕೊಳ್ಳುತ್ತಾರೆ. ಭಾಷೆಯನ್ನು ನಿಮ್ಮಿಬ್ಬರಿಗಿಂತ ಬೇಗ ಅವರೇ ಕಲಿತಾರು.

ವಾಸದ ಕಾರ್ಡನ್ನೂ ನೋಡಿಕೋ. ಮನೆ ಕೊಂಡರೆ ಇರುವ ಹಕ್ಕು ಬರುವುದಿಲ್ಲ. ನಿನ್ನದು ನೌಕರಿಯ ಕಾರ್ಡಾದರೆ ಸ್ವಂತ ಬೇಸಾಯಕ್ಕೆ ಮೊದಲು ಅದನ್ನು ಬದಲಿಸಿಕೊಳ್ಳಬೇಕು. ಹತ್ತು ವರ್ಷದ ಕಾರ್ಡಿದ್ದರೆ ಆ ತೊಂದರೆಯಿಲ್ಲ. ಹೊಸಬರಿಗೆ ಸರಕಾರ ಕೊಡುವ ಸಹಾಯಧನಕ್ಕೆ ವಯಸ್ಸು 40 ದಾಟಿರಬಾರದು, ಕೃಷಿಯ ಪದವಿಪತ್ರವೂ ಬೇಕು. ಆದ್ದರಿಂದ ರಾಜೀನಾಮೆ ಕೊಡುವ ಮೊದಲೇ ಆ ತರಬೇತಿಗೆ ಸೇರು.

ಸೈಟಿನ ಕರಾರಿಗೆ ಇನ್ನೂ ಸಹಿ ಹಾಕಿಲ್ಲವಾದರೆ ತಡೆ. ಈ ಚಳಿಗಾಲ ನಾಲ್ವರೂ ನಮ್ಮ ಮನೆಗೆ ಬಂದು ಇರಿ, ಪಕ್ಕದ ಹಳ್ಳಿಯ ತರಕಾರಿ ಬೆಳೆಗಾರರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ.

ನಿನ್ನ ಅಕ್ಕ